ಅಡ್ಡ ನಿಲ್ಲಿಸದ ಸೈಕಲ್ಲು

ನಾನು ಸೈಕಲ್ ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ, ಅದೂ ಕದ್ದು. ಕಲಿಸಿದವಳು ನಮ್ಮದೇ ವಠಾರದ ಮೂಲೆ ಮನೆಯಲ್ಲಿ ಬಾಡಿಗೆಗಿದ್ದವಳು. ಏಳು ತಿಂಗಳು ನನ್ನ ಹಿಂದೆ ಓಡಿ ಓಡಿ ಕಲಿಸಿದಳು. ಎಂಟನೇ ತಿಂಗಳಲ್ಲಿ ನಾವು ಅವಳ ಸಂಸಾರವನ್ನು ಮನೆ ಬಿಡಿಸಿದೆವು. ಬಿಡಿಸಿದ್ದು ನಮ್ಮ ಯಜಮಾನರು, ನಾನಲ್ಲ, ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನವೂ ಈಗ ಸಾಕಾಗಿದೆ.

ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ನಮ್ಮೂರು. ನಾನು ಸೊಸೆಯಾಗಿ ಬಂದಾಗ ಮನೆಯ ಪಕ್ಕ ರಾಗಿ ಹೊಲವಿತ್ತು. ಈಗ ಅಲ್ಲಿ ಎರಡು ಅಂತಸ್ತಿನ ವಠಾರ, ಹನ್ನೆರಡು ಮನೆ, ನಡುವೆ ಉದ್ದನೆಯ ಪ್ಯಾಸೇಜು. ಬಾಡಿಗೆಗಿರುವವರು ಹೆಚ್ಚಾಗಿ ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯವರು. ಗಂಡಸರು ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ; ಹೆಂಗಸರು ಕಾರ್ಖಾನೆ. ಪ್ಯಾಸೇಜಿನಲ್ಲಿ ಗಾಡಿ ನಿಲ್ಲಿಸಬಾರದು, ಮೆಟ್ಟಿಲ ಕೆಳಗೆ ನಿಲ್ಲಿಸಬೇಕು ಎಂಬುದು ನಮ್ಮ ಯಜಮಾನರ ಕಟ್ಟಪ್ಪಣೆ. ಅದನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಯೂ ಇದ್ದರು.

ಮೂಲೆ ಮನೆಯವಳು ಕೊಪ್ಪಳದ ಕಡೆಯವಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಬೆಳಗಿನ ಶಿಫ್ಟು. ಮಧ್ಯಾಹ್ನ ಎರಡೂವರೆಗೆಲ್ಲ ಸೈಕಲ್ಲಿನ ಮೇಲೆ ಮನೆಗೆ ಬಂದುಬಿಡುತ್ತಿದ್ದಳು. ಹಳೇ ಲೇಡೀಸ್ ಸೈಕಲ್, ಹಿಂದೆ ಕ್ಯಾರಿಯರಿಗೆ ಕಟ್ಟಿದ ಊಟದ ಡಬ್ಬಿ. ಗೇಟಿನ ಹತ್ತಿರ ಓಡುವ ಸೈಕಲ್ಲಿನಿಂದಲೇ ಒಂದು ಕಾಲು ಈಚೆ ತಂದು ಇಳಿಯುತ್ತಿದ್ದಳು ನೋಡಿ, ಅಬ್ಬಬ್ಬಾ, ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಹೊಟ್ಟೆಕಿಚ್ಚು ಪಡುತ್ತಿದ್ದೆ.

ನನಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ನಡೆಯೋಣವೆಂದರೆ ಮಂಡಿ ನೋವು. ಸೈಕಲ್ ತುಳಿದರೆ ಮಂಡಿಗೆ ಭಾರ ಬೀಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮಂಥ ಊರುಗಳಲ್ಲಿ ಆಗಿರುವ ಒಂದು ವಿಚಿತ್ರ ಕೇಳಿ. ನಮ್ಮ ಮಾವ ಹೊಲಕ್ಕೆ ಸೈಕಲ್ಲಿನಲ್ಲೇ ಹೋಗುತ್ತಿದ್ದರಂತೆ. ಹೊಲ ಹೋಗಿ ಬಾಡಿಗೆ ಬಂದು ಮನೆ ಮುಂದೆ ಕಾರು ನಿಂತ ಮೇಲೆ ಸೈಕಲ್ಲೆಂದರೆ ಬಾಡಿಗೆಯವರ ಗಾಡಿ. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನವರು ತಲೆಗೆ ಟೋಪಿ ಬಿಗಿದುಕೊಂಡು ಸಾಲಾಗಿ ನಮ್ಮೂರ ಮುಂದೆ ಸೈಕಲ್ ತುಳಿದರೆ ಅದು ಆರೋಗ್ಯ. ಮನೆ ಒಡತಿ ನಾನು ತುಳಿದರೆ, ‘ಪಾಪ, ಅವರ ಮನೇಲಿ ಏನಾಯ್ತೋ’ ಎಂದು ಊರೆಲ್ಲ ಮಾತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಿಡಿದು ಪಿಸುಗುಟ್ಟಿದೆ. “ನಂಗೂ ಸೈಕಲ್ ಕಲಿಸ್ತೀಯೇನೇ?”

ಅವಳು ನಕ್ಕಳು. “ಅದಕ್ಕೇನ್ರಿ ಅಕ್ಕಾರ, ಹದಿನೈದ್ ದಿನದಾಗ ಕಲಸ್ತೀನಿ.”

ಕೆರೆ ಏರಿಯ ಆಚೆ ಯಾರೋ ಲೇಔಟ್ ಮಾಡಿ, ಟಾರು ಹಾಕಿ, ಕಲ್ಲು ನೆಟ್ಟು ಬಿಟ್ಟಿದ್ದರು. ಒಂದು ಮನೆಯೂ ಎದ್ದಿರಲಿಲ್ಲ. ಮಧ್ಯಾಹ್ನ ಅವಳು ಸೈಕಲ್ ತೆಗೆದುಕೊಂಡು ಮುಂದೆ ಹೋಗುವುದು, ಕಾಲು ಗಂಟೆ ಬಿಟ್ಟು ನಾನು ಚೀಲ ಹಿಡಿದು ‘ಸೊಪ್ಪು ಕುಯ್ಕೊಂಡ್ ಬತ್ತೀನಿ’ ಎಂದು ಹೊರಡುವುದು ಎಂದು ಮಾತಾಯಿತು. ಮೊದಲನೇ ದಿನವೇ ನಾನು ಒಂದು ಕೆಲಸ ಮಾಡಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅವಳ ಕೈಲಿ ಆಣೆ ಮಾಡಿಸಿಕೊಂಡೆ. ಅವಳಿಗೆ ಒಬ್ಬಳೇ ಮಗಳು, ಆಗ ಐದನೇ ಕ್ಲಾಸು. ಆ ಮಗಳ ತಲೆಯ ಮೇಲೆ ಆಣೆ ಇಡಬೇಕು, ಇದನ್ನು ಯಾರಿಗೂ, ಕಟ್ಟಿಕೊಂಡ ಗಂಡನಿಗೂ ಹೇಳಕೂಡದು ಎಂದೆ.

“ಆಕಿ ತಲಿ ಮ್ಯಾಗ ಯಾಕ್ರಿ? ನನ್ನ ತಲಿ ಮ್ಯಾಗ ಇಡ್ತೀನಿ ತಗೋರಿ” ಎಂದಳು ಅವಳು.

ನಾನು ಒಪ್ಪಲಿಲ್ಲ. ಮಗಳ ಮೇಲೆಯೇ ಆಗಬೇಕೆಂದು ಹಟ ಹಿಡಿದೆ. ಅವಳ ಮುಖದಲ್ಲಿದ್ದ ನಗೆ ಹೋಯಿತು. ಆಮೇಲೆ ಮೆಲ್ಲಗೆ, ನಾನು ಹೇಳಿದ ಹಾಗೆಯೇ ಆಣೆ ಮಾಡಿದಳು.

ಹದಿನೈದು ದಿನದಲ್ಲಿ ನಾನೆಲ್ಲಿ ಕಲಿತೇನು! ಅವರೆಕಾಯಿ ಕಾಲವೆಲ್ಲ ಬೀಳುವುದರಲ್ಲೇ ಮುಗಿಯಿತು. ಅವಳು ಹಿಂದೆ ಸೀಟು ಹಿಡಿದುಕೊಂಡು ಓಡುತ್ತಿದ್ದಳು, ಬೆಳಿಗ್ಗೆ ಐದಕ್ಕೆ ಎದ್ದು ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದ ಕಾಲಿನಲ್ಲಿ. “ಗಾಲಿ ನೋಡಬ್ಯಾಡ್ರಿ ಅಕ್ಕಾರ, ಮುಂದ ನೋಡ್ರಿ! ನಾ ಹಿಡದೀನಿ, ಅಂಜಬ್ಯಾಡ್ರಿ!” ನಾನು ಸುಧಾರಿಸಿಕೊಳ್ಳಲು ಕೂತಾಗ ಖಾಲಿ ಸೈಟುಗಳಲ್ಲಿ ಬೆಳೆದ ಗಣಿಕೆ ಸೊಪ್ಪು, ಅಣ್ಣೆ ಸೊಪ್ಪು ಕುಯ್ದು ನನ್ನ ಚೀಲ ತುಂಬಿಸುತ್ತಿದ್ದಳು. ನಾನು ಮನೆಯಲ್ಲಿ ಹೇಳಿದ ಸುಳ್ಳು ನಿಲ್ಲಬೇಕಲ್ಲ, ಅದಕ್ಕೆ. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ದಿನಾ ಸೊಪ್ಪಿನ ಸಾರು.

ಸಂಕ್ರಾಂತಿಯ ಮಾರನೇ ದಿನ ಅವಳು ನನಗೆ ತಿಳಿಯದಂತೆ ಕೈಬಿಟ್ಟಿದ್ದಳು. ಲೇಔಟಿನ ಕೊನೆಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅವಳು ದೂರದಲ್ಲಿ ಕೈ ತಟ್ಟುತ್ತ ಕುಣಿಯುತ್ತಿದ್ದಾಳೆ. ನಾನು ದಡಬಡ ಬಿದ್ದೆ, ಬಿದ್ದಲ್ಲೇ ಕೂತು ಜೋರಾಗಿ ನಕ್ಕೆ. ಶಿವರಾತ್ರಿಯ ಹೊತ್ತಿಗೆ ತಿರುವು ಬಂತು. ಯುಗಾದಿಯ ಹೊತ್ತಿಗೆ ರಸ್ತೆಯ ಮೇಲೆಲ್ಲ ಹೊಂಗೆ ಹೂ ಉದುರಿ ಟಾರು ಬೆಳ್ಳಗಾಗಿತ್ತು. ಅದರ ಮೇಲೆ ನಾನೊಬ್ಬಳೇ ಸುತ್ತು ಹೊಡೆಯುತ್ತಿದ್ದೆ, ಅವಳು ಮರದ ನೆರಳಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದಳು. ಹೇಳಿದರೆ ನಗಬೇಡಿ, ಮದುವೆಯಾಗಿ ಬಂದ ಮೇಲೆ ನನಗೆ ನನ್ನದೇ ಅಂತ ಒಂದು ಖುಷಿ ಸಿಕ್ಕಿದ್ದು ಅದೇ ಮೊದಲು.

ಜೂನ್ ಬಂತು. ಶಾಲೆ ಶುರುವಾಗಿ ಒಂದು ವಾರವಾಗಿತ್ತು, ಅವಳ ಮಗಳು ಆರನೇ ಕ್ಲಾಸಿಗೆ ಕಾಲಿಟ್ಟಿದ್ದಳು. ಆ ದಿನ ಮೋಡ ಮುಚ್ಚಿ ತಂಪಾಗಿತ್ತು. ಅವಳು ಶಿಫ್ಟು ಮುಗಿಸಿ ಬಂದು ಮಲಗಿದ್ದಳು. ಸೈಕಲ್ಲು ನಿಯಮದ ಪ್ರಕಾರ ಮೆಟ್ಟಿಲ ಕೆಳಗೆ ನಿಂತಿತ್ತು. ಯಜಮಾನರು ಆನೇಕಲ್ಲಿಗೆ ಹೋಗಿದ್ದರು. ಅತ್ತೆ ಕಣ್ಣಿಗೆ ಬೀಳಲಿಲ್ಲ, ಮಲಗಿರಬೇಕು ಎಂದುಕೊಂಡೆ. ಮೂಲೆ ಮನೆಯವಳನ್ನು ಎಬ್ಬಿಸಿ ಕೇಳಬೇಕು ಎಂದು ಕೂಡ ನನಗೆ ಅನ್ನಿಸಲಿಲ್ಲ. ನಮ್ಮ ಮೆಟ್ಟಿಲ ಕೆಳಗಿದ್ದದ್ದೆಲ್ಲ ನಮ್ಮದೇ ಎಂಬ ಹಾಗೆ ಸೈಕಲ್ ತೆಗೆದುಕೊಂಡು ಹೊರಟೆ.

ಲೇಔಟಿನಲ್ಲಿ ನಾಲ್ಕು ಸುತ್ತು ಹೊಡೆದು ವಾಪಸ್ಸು ಬಂದೆ. ಗೇಟಿನ ಹತ್ತಿರ ಇಳಿದು ತಳ್ಳಿಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಜಂಬ! ಅವಳಂತೆಯೇ ತುಳಿದುಕೊಂಡು ಒಳಗೆ ಬಂದು ಠೀವಿಯಿಂದ ಇಳಿಯಬೇಕೆಂದು ಆಸೆಯಾಯಿತು. ಗೇಟು ದಾಟಿದ್ದೇ ಇಳಿಜಾರು, ಬ್ರೇಕು ಹಿಡಿಯುವುದು ಮರೆತೇಹೋಯಿತು. ಸೀದಾ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿದೆ. ನಾನು ಕೆಳಗೆ, ಸೈಕಲ್ಲು ಮೇಲೆ. ಬಲಗೈ ಮಣಿಕಟ್ಟು ಲಟಕ್ಕೆಂದ ಶಬ್ದ ನನಗೇ ಕೇಳಿಸಿತು.

ಅತ್ತೆ ಓಡಿ ಬಂದರು. “ಅಯ್ಯೋ ಸಿವನೇ! ಏನಾಯ್ತೇ?”

ನನ್ನ ಬಾಯಿ ಒಂದು ಕ್ಷಣವೂ ತಡವರಿಸಲಿಲ್ಲ. “ಸೈಕಲ್ ದಾರಿಗೆ ಅಡ್ಡ ನಿಲ್ಸಿದ್ರು ಅತ್ತೆ, ಕಾಲಿಗೆ ಸಿಕ್ಕಾಕ್ಕೊಂಡು ಬಿದ್ದೆ” ಎಂದೆ.

ಹಾಗೆ ಹೇಳಬೇಕೆಂದು ನಾನು ಯೋಚಿಸಿರಲಿಲ್ಲ, ದೇವರಾಣೆ. ಆದರೆ ಯೋಚಿಸದೆ ಬಂದ ಮಾತಿನಲ್ಲೇ ಅಲ್ಲವೇ ಮನುಷ್ಯರ ಯೋಗ್ಯತೆ ಗೊತ್ತಾಗುವುದು. ಕೈ ಮುರಿದ ನೋವಿನಲ್ಲೂ ನನ್ನ ಮಾನ ಉಳಿಸಿಕೊಂಡೆ, ಅವಳ ಸೈಕಲ್ಲಿನ ಮೇಲೆ ಹಾಕಿದೆ.

ಅಷ್ಟರಲ್ಲಿ ಯಜಮಾನರ ಕಾರು ಬಂತು. ಅವರ ಕೂಗಿಗೆ ಅವಳು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದಳು. “ಎಷ್ಟ್ ಸಲ ಯೋಳಿದೀನಿ, ಪ್ಯಾಸೇಜಲ್ಲಿ ಗಾಡಿ ನಿಲ್ಲಿಸ್ಬ್ಯಾಡಿ ಅಂತ! ನೋಡಿಲ್ಲಿ, ಇವಳ ಕೈ ಏನಾಗದೆ!” ಎಂದು ಇವರು ಅಬ್ಬರಿಸಿದರು.

ಅವಳು ಸೈಕಲ್ ನೋಡಿದಳು. ಮುಂದಿನ ಗಾಲಿ ಸೊಟ್ಟಗಾಗಿತ್ತು, ಹ್ಯಾಂಡಲ್ಲು ತಿರುಚಿಕೊಂಡಿತ್ತು. ಸುಮ್ಮನೆ ನಿಂತ ಸೈಕಲ್ಲಿಗೆ ಯಾರೋ ಎಡವಿದರೆ ಗಾಲಿ ಹಾಗೆ ಸೊಟ್ಟಗಾಗುವುದಿಲ್ಲ. ತುಳಿಯುವವರಿಗೆ ಯಾರಿಗಾದರೂ ತಿಳಿಯುವ ವಿಷಯ ಅದು. ಆಮೇಲೆ ನನ್ನನ್ನು ನೋಡಿದಳು. ನಾನು ನೋವೆಂದು ಕಣ್ಣು ಮುಚ್ಚಿಕೊಂಡೆ.

“ತಪ್ಪಾತ್ರಿ” ಎಂದಳು. “ಇನ್ನ ಮ್ಯಾಲ ಅಡ್ಡ ನಿಲ್ಸಂಗಿಲ್ರಿ.”

“ಇನ್ಮೇಲೆ ಅನ್ನೋದೇನೂ ಇಲ್ಲ. ಈ ತಿಂಗಳು ಮುಗೀತಿದ್ದಂಗೆ ಖಾಲಿ ಮಾಡಿ” ಎಂದರು ಇವರು.

ಕೈಗೆ ಬ್ಯಾಂಡೇಜು ಹಾಕಿಸಿಕೊಂಡು ಬಂದ ನಾಲ್ಕನೇ ದಿನ ಅವಳು ಅಡುಗೆಮನೆಯ ಹಿಂಬಾಗಿಲಿಗೆ ಬಂದಳು. ಜಗಳವಾಡಲು ಬಂದಳೇನೋ ಎಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ನೋವು ಕಮ್ಮಿ ಆತೇನ್ರಿ ಅಕ್ಕಾರ?” ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿದಳು. “ನೀವೊಂದ್ ಮಾತ್ ಹೇಳಿದ್ರ ಸಾಕ್ರಿ. ಸೈಕಲ್ ಮಾತ್ ಬ್ಯಾಡ. ‘ಇರ್ಲಿ ಬಿಡ್ರಿ’ ಅಂತ ಅಷ್ಟ ಅನ್ರಿ. ಸಾಲಿ ಈಗ ಚಾಲೂ ಆಗೇತಿ. ಇಲ್ಲಿ ಟೀಚರ್ ಅಂದ್ರ ನನ್ನ ಮಗಳಿಗಿ ಜೀವ. ಎಲ್ಲಿಗಂತ ಕರಕೊಂಡ್ ಹೋಗ್ಲಿ?”

ನಿಜ ಹೇಳು ಎಂದು ಅವಳು ಕೇಳಲೇ ಇಲ್ಲ. ‘ಇರಲಿ ಬಿಡಿ’ ಎನ್ನುವ ಎರಡು ಮಾತು. “ಯಜಮಾನರ ಹತ್ರ ಮಾತಾಡ್ತೀನಿ ಕಣೇ, ನೀನೇನೂ ಯೋಚನೆ ಮಾಡಬೇಡ” ಎಂದೆ. ಮಾತಾಡಲಿಲ್ಲ. ದಿನಾ ಊಟ ಬಡಿಸುವಾಗ ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ, ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಬರುತ್ತಿದ್ದೆ. ನಿನ್ನ ಕೈ ಮುರಿಯಲು ಕಾರಣಳಾದವಳ ಮೇಲೆ ನಿನಗ್ಯಾಕೆ ಇಷ್ಟು ಕಾಳಜಿ ಎಂದು ಅವರು ಕೇಳಿಬಿಟ್ಟರೆ? ಒಂದು ಎಳೆ ಹಿಡಿದು ಎಳೆದರೆ ಏಳು ತಿಂಗಳ ಕಥೆಯೂ ಹೊರಗೆ ಬರುತ್ತದಲ್ಲ ಎಂಬ ಹೆದರಿಕೆ. ಥೂ, ಎಂಥ ಹೆದರಿಕೆ ಅದು! ಅವಳ ಮಗಳ ಶಾಲೆಗಿಂತ ದೊಡ್ಡದಾಗಿತ್ತು ನನಗೆ.

ತಿಂಗಳ ಕೊನೆಗೆ ಸಣ್ಣ ಟೆಂಪೋ ಬಂತು. ಮಳೆ ಹನಿಯುತ್ತಿತ್ತು. ಅವಳ ಗಂಡ ಹಾಸಿಗೆ ಗಂಟು, ಗ್ಯಾಸ್ ಸ್ಟವ್ವು ಏರಿಸಿದ. ಕೊನೆಗೆ ಆ ಸೊಟ್ಟ ಗಾಲಿಯ ಸೈಕಲ್ಲನ್ನು ಎಲ್ಲದರ ಮೇಲಿಟ್ಟು ಅವಳೇ ಹಗ್ಗ ಬಿಗಿದಳು. ಹುಡುಗಿ ಸ್ಕೂಲ್ ಬ್ಯಾಗು ಅಪ್ಪಿಕೊಂಡು ಅಳುತ್ತ ನಿಂತಿತ್ತು. “ನಿನ್ನಿಂದನ ಆತು ಎಲ್ಲಾ! ಅಡ್ಡ ಯಾಕ ನಿಲ್ಸಿದಿ ಸೈಕಲ್ಲ?” ಎಂದು ತಾಯಿಯ ಮೇಲೆ ಕಿರುಚಿತು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಅವಳು ಮಗಳಿಗೆ ಏನೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ಆ ಮಗಳ ತಲೆಯ ಮೇಲೆಯೇ ನಾನು ಆಣೆ ಹಾಕಿಸಿದ್ದೆನಲ್ಲ.

ಎರಡು ವರ್ಷ ನಾನು ಸೈಕಲ್ಲಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಾಲ ಹೇಗೆ ಬದಲಾಯಿತು ನೋಡಿ. ನಮ್ಮೂರಿನ ಗಂಡಸರೂ ಅಪಾರ್ಟ್‌ಮೆಂಟಿನವರನ್ನು ನೋಡಿ ಗೇರಿನ ಸೈಕಲ್ಲು ಕೊಂಡರು. ಸೊಸೆಯರು ಮಕ್ಕಳ ಜೊತೆ ತುಳಿಯತೊಡಗಿದರು. ಒಂದು ದಿನ ನಮ್ಮ ಯಜಮಾನರೇ ಹೊಸ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿ, “ತುಳಿ, ಸಕ್ಕರೆ ಇಳೀತದಂತೆ. ಕಲ್ಕೊಂಡ್ರಾಯ್ತು” ಎಂದರು. ನಾನು ಹತ್ತಿ ಸಲೀಸಾಗಿ ಒಂದು ಸುತ್ತು ಬಂದೆ. “ಯಾವಾಗ್ಲೇ ಕಲಿತಿದ್ದು?” ಎಂದರು. “ಚಿಕ್ಕವಳಿದ್ದಾಗ” ಎಂದೆ. ಅವರು ಬಗ್ಗಿ ಗಾಲಿಯ ಗಾಳಿ ಒತ್ತಿ ನೋಡಿದರು. ಯಾವ ನಾಚಿಕೆಗಾಗಿ ಅವಳನ್ನು ಬಲಿ ಕೊಟ್ಟೆನೋ ಆ ನಾಚಿಕೆಯೇ ಊರಲ್ಲಿ ಉಳಿಯಲಿಲ್ಲ, ಆದರೂ ನಾನು ಇನ್ನೊಂದು ಸುಳ್ಳು ಹೇಳಿದೆ.

ಅವಳ ಸಂಸಾರ ಅತ್ತಿಬೆಲೆಯ ಆಚೆ ಒಂದು ಹಳ್ಳಿಯಲ್ಲಿದೆಯೆಂದು ವಠಾರದವರಿಂದ ಗೊತ್ತಾಗಿತ್ತು. ಕಳೆದ ಮುಂಗಾರಿನಲ್ಲಿ ಮೊದಲ ಸಲ ಆ ಕಡೆ ಹೊರಟೆ. ಸರ್ವೀಸ್ ರಸ್ತೆಯಲ್ಲಿ ಶಿಫ್ಟಿನ ಬಸ್ಸುಗಳು ಕೆಸರು ಎರಚಿದವು. ಚಂದಾಪುರದಲ್ಲಿ ಜೋರು ಮಳೆ ಬಂತು. ಮಳೆಯ ನೆಪ ಮಾಡಿ ಹಿಂತಿರುಗಿದೆ. ದಸರಾ ಕಳೆದ ಮೇಲೆ ಮತ್ತೊಮ್ಮೆ. ಉಳಿದಿರುವ ಒಂದೆರಡು ರಾಗಿ ಹೊಲಗಳಲ್ಲಿ ತೆನೆ ಬಾಗಿತ್ತು. ಅತ್ತಿಬೆಲೆಯವರೆಗೂ ಹೋಗಿ, ಎಳನೀರು ಕುಡಿದು, ಅಲ್ಲಿಂದ ಹಿಂತಿರುಗಿದೆ. ಆ ಸಲ ಹೇಳಿಕೊಳ್ಳಲು ನೆಪವೂ ಇರಲಿಲ್ಲ. ಹೆದರಿದೆ, ಅಷ್ಟೆ.

ಈ ಪುಷ್ಯದಲ್ಲಿ, ಕೈ ಕೊರೆಯುವ ಚಳಿಯಲ್ಲಿ, ಭಾನುವಾರ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಹೋದೆ. ಅವಳು ಮನೆ ಮುಂದೆ ನೀರು ಚಿಮುಕಿಸುತ್ತಿದ್ದಳು. ಚೊಂಬು ಹಿಡಿದಂತೆಯೇ ನಿಂತಳು. “ಅಯ್ಯ, ಮನಿ ಅಕ್ಕಾರ! ಅಲ್ಲಿಂದ ಸೈಕಲ್ ಮ್ಯಾಗ ಬಂದ್ರೇನು?” ಎಂದು ಬಾಯಿ ತುಂಬ ನಕ್ಕಳು. ನಾನು ಇಳಿದದ್ದನ್ನು ನೋಡಿ, “ಸೀಟು ಇನ್ನೊಂಚೂರು ಎತ್ರ ಮಾಡ್ಸ್ರಿ, ಮೊಣಕಾಲು ನೋಯ್ತಾವ” ಎಂದಳು. ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಬೀದಿಯಲ್ಲೇ ಅತ್ತುಬಿಟ್ಟೆ. ತಪ್ಪಾಯಿತು ಎಂದು ಅವಳ ಎರಡೂ ಕೈ ಹಿಡಿದುಕೊಂಡೆ.

ಅವಳು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. “ನನಗೇನ್ ಹೇಳ್ತೀರಿ, ನನಗ ಗೊತ್ತೈತಲ್ರಿ” ಎಂದಳು. “ಸಿಟ್ಟು ಬಂದಿತ್ತು, ಸುಳ್ಳ ಯಾಕ ಹೇಳ್ಲಿ. ಭಾಳ ದಿನ ಇತ್ತು. ಈಗ ನನ್ನ ಮಗಳಿಗಿ ಹೇಳ್ರಿ ಅಷ್ಟ. ಜಗಳ ಬಂದಾಗೆಲ್ಲ ಇವತ್ತಿಗೂ ಅದನ್ನ ಎತ್ತಾಡ್ತಾಳ. ನಿನ್ನಿಂದನ ನನ್ನ ಸಾಲಿ ಹೋತು ಅಂತಾಳ. ನನ್ನ ಬಾಯಿಗಿ ಕೀಲಿ ಹಾಕೀರಿ ನೀವು. ನೀವ ತೆಗೀರಿ.”

ಹುಡುಗಿ ಒಳಗಿನಿಂದ ಬಂದಳು. ಈ ವರ್ಷ ಎಸ್ಸೆಸ್ಸೆಲ್ಸಿ. ತಾಯಿಗಿಂತ ಎತ್ತರ ಬೆಳೆದಿದ್ದಾಳೆ. ನಾನು ಎಲ್ಲವನ್ನೂ ಹೇಳಿದೆ: ಕದ್ದು ಕಲಿತದ್ದು, ಕೇಳದೆ ಸೈಕಲ್ ಒಯ್ದದ್ದು, ಬಿದ್ದದ್ದು, ಸುಳ್ಳು, ಆಣೆ. ಸೈಕಲ್ಲು ಅಡ್ಡ ನಿಂತಿರಲೇ ಇಲ್ಲಮ್ಮ, ಮೆಟ್ಟಿಲ ಕೆಳಗೇ ಇತ್ತು ಎಂದೆ. ಅವಳು ಒಮ್ಮೆ ತಾಯಿಯ ಮುಖ ನೋಡಿದಳು. ಕಣ್ಣು ತುಂಬಿ ಬಂತು, ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಮನ್ಯಾಗ ಹೇಳೀರೇನು?” ಎಂದು ಕೇಳಿದಳು.

“ಇನ್ನೂ ಇಲ್ಲಮ್ಮ.”

“ಹಂಗಾರ ಮೊದ್ಲ ಅಲ್ಲಿ ಹೇಳಿ ಬರ್ರಿ. ನಿಮ್ಮ ಮನ್ಯಾಗ ಇನ್ನೂ ತಪ್ಪು ಮಾಡ್ದಾಕಿ ಅಂದ್ರ ನಮ್ಮವ್ವನ ಅದಾಳ.”

ತಾಯಿ “ಏ, ಸುಮ್ನಿರ” ಎಂದು ಗದರಿದಳು. ಹುಡುಗಿ ಸುಮ್ಮನಾಗಲಿಲ್ಲ. “ಅವರೇನಂದ್ರು ಅಂತ ನನಗ ಬಂದು ಹೇಳ್ರಿ” ಎಂದಳು. ಬರುವ ಭಾನುವಾರ ಬರುತ್ತೇನೆ ಎಂದು ಮಾತು ಕೊಟ್ಟು ಹೊರಟೆ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಬಿಸಿಲು ಕಾಯುತ್ತ ಕೂತಿದ್ದರು. ಇವರು ಪೇಪರ್ ಓದುತ್ತಿದ್ದರು. ಸೈಕಲ್ ನಿಲ್ಲಿಸಿದವಳೇ, ಉಸಿರು ಕೂಡ ತೆಗೆದುಕೊಳ್ಳದೆ, ನಿಂತಲ್ಲೇ ಹೇಳಿಬಿಟ್ಟೆ. ಹೇಳಿ ಮುಗಿಸಿ, ಇನ್ನು ಏನು ಬೇಕಾದರೂ ಅನ್ನಲಿ ಎಂದು ಕಾದೆ.

ಇವರು ನನ್ನನ್ನು ನೋಡಲಿಲ್ಲ, ಅವರ ಅಮ್ಮನನ್ನು ನೋಡಿದರು.

“ಅದನ್ನ ಈಗ್ಯಾಕೆ ಎತ್ತೀಯೆ?” ಎಂದರು ಅತ್ತೆ. “ಅವತ್ತು ಮಹಡಿ ಮೇಲೆ ಸಂಡಿಗೆ ಎತ್ತಿಡ್ತಿದ್ದೆ ನಾನು, ಮೋಡ ಆಗಿತ್ತಲ್ಲ. ನೀನು ಗೇಟಿಂದ ತುಳ್ಕಂಡ್ ಬಂದಿದ್ದು, ಗುದ್ದಿದ್ದು, ಎಲ್ಲಾನೂವೆ ನೋಡ್ದೆ. ಮನೆ ಸೊಸೆ ಬಾಡಿಗೆಯೋರ ಸೈಕಲ್ನಾಗೆ ಬಿದ್ಲು ಅಂತ ಊರೋರಿಗೆ ಯೋಳಕ್ಕಾಯ್ತದಾ? ಇವನ್ಗೆ ಅವತ್ತೇ ಯೋಳಿದ್ದೆ.”

ನಾನು ಇವರ ಕಡೆ ತಿರುಗಿದೆ. ಅವರು ಪೇಪರ್ ಮಡಿಸಿದರು. “ಬಿಡು, ಆಗಿದ್ದು ಆಗೋಯ್ತು. ಬಾಡಿಗೆಯೋರು ಇವತ್ತಿರ್ತಾರೆ, ನಾಳೆ ಓಯ್ತಾರೆ” ಎಂದು ಎದ್ದು ಒಳಗೆ ಹೋದರು.

ನನ್ನ ಸುಳ್ಳನ್ನು ಆ ಮನೆಯಲ್ಲಿ ಯಾರೂ ನಂಬಿರಲೇ ಇಲ್ಲ. ಅದು ಎಲ್ಲರಿಗೂ ಅನುಕೂಲವಾಗಿತ್ತು, ಅಷ್ಟೆ. ಅವಳು ತಪ್ಪಾಯಿತು ಎಂದು ತಲೆ ತಗ್ಗಿಸಿ ನಿಂತಾಗ ಅತ್ತೆಗೆ ನಿಜ ಗೊತ್ತಿತ್ತು. ಟೆಂಪೋ ಹೊರಟಾಗ ಇವರಿಗೂ ಗೊತ್ತಿತ್ತು. ಊಟ ಬಡಿಸುವಾಗ ಆ ಎರಡು ಮಾತು ಹೇಳಲು ನಾನು ಯಾರಿಗೆ ಹೆದರಿ ಸತ್ತೆನೋ ಅವರ ಮುಂದೆ ಮುಚ್ಚಿಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾಳೆ ಭಾನುವಾರ. ಬೆಳಿಗ್ಗೆ ಅತ್ತಿಬೆಲೆಯ ಆಚೆಗೆ ಹೋಗಬೇಕು. ಹೇಳಿದಿರಾ, ಏನಂದರು ಎಂದು ಆ ಹುಡುಗಿ ಕೇಳುತ್ತಾಳೆ. ನಿಮ್ಮವ್ವನದು ಏನೂ ತಪ್ಪಿಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಅವತ್ತೇ ಗೊತ್ತಿತ್ತಮ್ಮ ಎಂದು ನಾನು ಅವಳಿಗೆ ಹೇಳಬೇಕು.